ಬ್ರೌಸರ್ ನವೀಕರಣ: ಕೆಡವುವವರು ಯಾರೋ, ಕಟ್ಟಿಕೊಳ್ಳುವವರು ಯಾರೋ

2025ರ ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾದ ಫೈರ್‌ಫಾಕ್ಸ್ ಬ್ರೌಸರಿನ 138ನೇ ಆವೃತ್ತಿಯೊಡನೆ 'ಟ್ಯಾಬ್ ಗುಂಪು' ಎಂಬ ಸೌಲಭ್ಯ ಅದರ ಎಲ್ಲ ಬಳಕೆದಾರರಿಗೂ ದೊರೆಯಿತು. ತೆರೆದಿಟ್ಟ ಹತ್ತಾರು ಪುಟಗಳನ್ನು ವಿಷಯವಾರು ಗುಂಪು ಮಾಡಿ, ಹೆಸರು ಕೊಟ್ಟು, ಬಣ್ಣ ಹಚ್ಚಿ, ಬೇಡವಾದಾಗ ಮಡಚಿಡಬಹುದಾದ ವ್ಯವಸ್ಥೆ ಇದು. ಬಳಕೆದಾರರು ಅತ್ಯಂತ ಹೆಚ್ಚಾಗಿ ಕೇಳಿದ್ದು ಇದನ್ನೇ ಎಂದು ಮೊಜಿಲ್ಲಾ ಸಂಸ್ಥೆ ಹೇಳಿಕೊಂಡಿತು. ಹಳೆಯ ಬಳಕೆದಾರರಿಗೆ ಮಾತ್ರ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತಿದ್ದ ಸೌಲಭ್ಯ 2011ರ ಮಾರ್ಚ್‌ನಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲೇ ಇತ್ತು. 2016ರ ಮಾರ್ಚ್‌ನಲ್ಲಿ, 45ನೇ ಆವೃತ್ತಿಯಲ್ಲಿ, ಅದನ್ನು ಕಿತ್ತುಹಾಕಲಾಯಿತು. ಆಗ ಕೊಟ್ಟ ಕಾರಣ, ಅದನ್ನು ಬಳಸುವವರು ತೀರಾ ಕಡಿಮೆ ಎಂಬುದು.

ಬಳಸುವವರೇ ಇಲ್ಲವೆಂದು ತೆಗೆದದ್ದು ಒಂಬತ್ತು ವರ್ಷಗಳ ನಂತರ ಅತಿ ಹೆಚ್ಚು ಬೇಡಿಕೆಯ ವಸ್ತುವಾಗಿ ಮರಳಿದ್ದು ಹೇಗೆ? ಹಳೆಯ ಸೌಲಭ್ಯ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಇರಲಿಲ್ಲ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಸ್ವಲ್ಪ ಕಹಿಯಾದದ್ದು. ಬ್ರೌಸರನ್ನು ಆಳವಾಗಿ ಬಳಸುವ, ತಮಗೆ ಬೇಕಾದಂತೆ ತಿದ್ದಿಕೊಳ್ಳುವ ಮಂದಿಯೇ ಬಳಕೆಯ ಮಾಹಿತಿಯನ್ನು ಕಂಪನಿಗೆ ಕಳುಹಿಸುವ ಗುಂಡಿಯನ್ನು ಆರಿಸಿಡುವವರು. ಹೀಗಾಗಿ ಲೆಕ್ಕ ಹಾಕುವಾಗ ಅವರು ಕಾಣುವುದೇ ಇಲ್ಲ ಎಂಬ ವಾದ ಹಿಂದಿನಿಂದಲೂ ಇದೆ. ಎಷ್ಟರಮಟ್ಟಿಗೆ ಇದು ಸರಿ ಎಂಬುದು ಚರ್ಚಾಸ್ಪದ. ಆದರೆ ತಲೆ ಎಣಿಸಿ ಸೌಲಭ್ಯ ಕತ್ತರಿಸುವ ಪದ್ಧತಿಯಲ್ಲಿ ಎಣಿಕೆಗೆ ಸಿಗದವರ ಪಾಡು ಏನಾಗುತ್ತದೆಂಬುದಕ್ಕೆ ಈ ಪ್ರಕರಣ ಸಾಕ್ಷಿಯಾಗಿ ನಿಂತಿದೆ.

ಟ್ಯಾಬುಗಳ ವಿಷಯ ಇಷ್ಟೊಂದು ಮಾತಿಗೆ ಯೋಗ್ಯವೇ ಎಂದು ಕೇಳುವವರುಂಟು. ಬ್ಯಾಂಕಿನ ಪುಟ, ಇಮೇಲ್, ಒಂದು ಸುದ್ದಿತಾಣ, ಇಷ್ಟರಲ್ಲೇ ದಿನ ಮುಗಿಸುವವರಿಗೆ ಖಂಡಿತ ಅಲ್ಲ. ಆದರೆ ಸಂಶೋಧನಾ ವಿದ್ಯಾರ್ಥಿ, ವಕೀಲ, ಅನುವಾದಕ, ಪತ್ರಕರ್ತ, ಲೆಕ್ಕಪರಿಶೋಧಕ ಇಂಥವರಿಗೆ ತೆರೆದಿಟ್ಟ ಐವತ್ತು ಪುಟಗಳೆಂದರೆ ಮೇಜಿನ ಮೇಲೆ ಹರಡಿಕೊಂಡ ಕಡತಗಳಿದ್ದಂತೆ. ಯಾವುದು ಓದಿಯಾಯಿತು, ಯಾವುದು ಬಾಕಿ, ಯಾವುದರ ಪಕ್ಕ ಯಾವುದಿರಬೇಕು ಎಂಬ ತಿಳಿವಳಿಕೆಯೆಲ್ಲ ಆ ಜೋಡಣೆಯಲ್ಲೇ ಅಡಗಿರುತ್ತದೆ. ರಾತ್ರಿ ಬೀಗ ಹಾಕಿಕೊಂಡು ಹೋದ ಕಚೇರಿಗೆ ಬೆಳಿಗ್ಗೆ ಬಂದು ನೋಡಿದರೆ ಯಾರೋ ಕಡತಗಳನ್ನೆಲ್ಲ ಒಂದೇ ರಾಶಿ ಹಾಕಿ ಹೋಗಿದ್ದಾರೆ ಎಂದರೆ ಹೇಗಾದೀತು? ನವೀಕರಣವೊಂದು ಟ್ಯಾಬ್ ವ್ಯವಸ್ಥೆಯನ್ನು ಮುರಿದಾಗ ಆಗುವುದು ಅದೇ. 45ನೇ ಆವೃತ್ತಿ ಬಂದಾಗ ಹಳೆಯ ಗುಂಪುಗಳನ್ನು ಬುಕ್‌ಮಾರ್ಕ್‌ಗಳ ಪಟ್ಟಿಗೆ ಸೇರಿಸಿಡುವ ಸೌಜನ್ಯವನ್ನಾದರೂ ಮೊಜಿಲ್ಲಾ ತೋರಿತ್ತೆಂಬುದನ್ನು ಒಪ್ಪಬೇಕು. ಕಡತಗಳು ಕಳೆಯಲಿಲ್ಲ, ಜೋಡಣೆ ಕಳೆಯಿತು.

ಈ ತೊಂದರೆಯ ಮೂಲ ಹುಡುಕಲು 2011ಕ್ಕೆ ಹಿಂದಿರುಗಬೇಕು. ಅಲ್ಲಿಯವರೆಗೆ ಫೈರ್‌ಫಾಕ್ಸಿನ ದೊಡ್ಡ ಆವೃತ್ತಿಗಳು ವರ್ಷಕ್ಕೊಮ್ಮೆಯೋ ಇನ್ನೂ ತಡವಾಗಿಯೋ ಬರುತ್ತಿದ್ದವು. ಗೂಗಲ್‌ನ ಕ್ರೋಮ್ ಕೆಲವು ವಾರಗಳಿಗೊಮ್ಮೆ ಹೊಸ ಆವೃತ್ತಿ ತರತೊಡಗಿದ ಮೇಲೆ ಮೊಜಿಲ್ಲಾ ಕೂಡ ಆರು ವಾರಗಳ ಲೆಕ್ಕಕ್ಕೆ ಬಂತು. ಮಾರ್ಚ್ 22ರಂದು ನಾಲ್ಕನೇ ಆವೃತ್ತಿ ಬಂದರೆ ಜೂನ್ 21ಕ್ಕೆ ಐದನೆಯದು ಬಂದೇಬಿಟ್ಟಿತು. ಐದು ಬಂದ ಮೇಲೆ ನಾಲ್ಕಕ್ಕೆ ಭದ್ರತಾ ತಿದ್ದುಪಡಿಗಳು ನಿಂತವು. ಆ ಕಾಲದಲ್ಲಿ ಪ್ರತಿಯೊಂದು ಆಡ್-ಆನ್ ತಾನು ಯಾವ ಆವೃತ್ತಿಯವರೆಗೆ ಹೊಂದಿಕೊಳ್ಳುತ್ತೇನೆಂದು ತನ್ನೊಳಗೇ ಬರೆದುಕೊಂಡಿರಬೇಕಿತ್ತು. ಸಂಖ್ಯೆ ಬದಲಾದರೆ ಸಾಕು, ಒಳಗೆ ಏನೂ ಕೆಡದಿದ್ದರೂ ಆಡ್-ಆನ್ 'ಹೊಂದಾಣಿಕೆಯಿಲ್ಲ' ಎಂಬ ಹಣೆಪಟ್ಟಿಯೊಡನೆ ನಿಷ್ಕ್ರಿಯವಾಗುತ್ತಿತ್ತು. ಆರು ವಾರಕ್ಕೊಮ್ಮೆ ಆ ಪಟ್ಟಿ ತಿದ್ದುವ ಹೊಣೆ ಆಡ್-ಆನ್ ಬರೆದವರದು. ಅವರಲ್ಲಿ ಹೆಚ್ಚಿನವರು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ದುಡಿಯುವವರು.

ಸಾಮಾನ್ಯ ಬಳಕೆದಾರರು ಗೊಣಗಿದರು. ದೊಡ್ಡ ಕಂಪನಿಗಳ ಗಣಕ ವಿಭಾಗದವರು ಗೊಣಗಲಿಲ್ಲ, ಬಹಿರಂಗವಾಗಿ ಆಕ್ಷೇಪಿಸಿದರು. ಸಾವಿರಾರು ಗಣಕಗಳಲ್ಲಿ ಹೊಸ ಆವೃತ್ತಿಯನ್ನು ಪರೀಕ್ಷಿಸಿ ಮುಗಿಸುವಷ್ಟರಲ್ಲಿ ಅದು ಹಳೆಯದಾಗಿಬಿಡುತ್ತದೆ ಎಂಬುದು ಅವರ ದೂರು. ಫಲ ಬೇಗನೇ ಸಿಕ್ಕಿತು. 2012ರ ಜನವರಿಯಲ್ಲಿ, ಹತ್ತನೇ ಆವೃತ್ತಿಯೊಡನೆ, ಸಂಸ್ಥೆಗಳಿಗಾಗಿಯೇ ದೀರ್ಘಕಾಲ ಬೆಂಬಲಿಸುವ ಇಎಸ್‌ಆರ್ ಎಂಬ ಪ್ರತ್ಯೇಕ ಶಾಖೆ ಹುಟ್ಟಿತು. ಅದರಲ್ಲಿ ಸುಮಾರು ಒಂದು ವರ್ಷ ಭದ್ರತಾ ತಿದ್ದುಪಡಿಗಳು ಮಾತ್ರ ಬರುತ್ತವೆ, ರೂಪ ಬದಲಾಗುವುದಿಲ್ಲ. ಅದೇ ಹತ್ತನೇ ಆವೃತ್ತಿಯಿಂದ ಬಹುಪಾಲು ಆಡ್-ಆನ್‌ಗಳನ್ನು ಹೊಂದಿಕೊಳ್ಳುವಂಥವೆಂದೇ ಭಾವಿಸುವ ಕ್ರಮವೂ ಜಾರಿಗೆ ಬಂತು. ಮಾಡಲಾಗದ ಕೆಲಸ ಅದಾಗಿರಲಿಲ್ಲ ಎಂದಾಯಿತು. ಕೇಳುವವರ ಗಾತ್ರ ದೊಡ್ಡದಿರಬೇಕಿತ್ತು, ಅಷ್ಟೆ.

ಇಷ್ಟಾದರೂ ಆಡ್-ಆನ್‌ಗಳು ಮುರಿಯುವುದಕ್ಕೆ ಕಂಪನಿಗಳ ಅವಸರವೊಂದೇ ಕಾರಣವೆನ್ನುವುದು ಅನ್ಯಾಯವಾದೀತು. ಹಳೆಯ ಫೈರ್‌ಫಾಕ್ಸಿನ ಹೊರರೂಪ ಎಕ್ಸ್‌ಯುಎಲ್ (ಉಚ್ಚಾರ 'ಝೂಲ್') ಎಂಬ ಭಾಷೆಯಲ್ಲಿ ರಚಿತವಾಗಿತ್ತು. ಆಡ್-ಆನ್‌ಗಳು ಅದೇ ಭಾಷೆಯಲ್ಲಿ, ಬ್ರೌಸರಿನ ಒಳಕೋಣೆಗಳಿಗೇ ನೇರವಾಗಿ ನುಗ್ಗಿ ಬೇಕಾದ್ದನ್ನು ಬದಲಿಸಬಹುದಿತ್ತು. ಟ್ಯಾಬುಗಳನ್ನು ಎರಡು ಸಾಲಾಗಿಸುವುದು, ಮರದ ಕೊಂಬೆಗಳಂತೆ ಬದಿಯಲ್ಲಿ ಇಳಿಬಿಡುವುದು, ಮುಚ್ಚಿದ ಪುಟ ಎಲ್ಲಿ ಮರಳಿ ತೆರೆಯಬೇಕೆಂದು ನಿರ್ಧರಿಸುವುದು, ಎಲ್ಲವೂ ಸಾಧ್ಯವಿತ್ತು. ಟ್ಯಾಬ್ ಮಿಕ್ಸ್ ಪ್ಲಸ್, ಟ್ರೀ ಸ್ಟೈಲ್ ಟ್ಯಾಬ್, ಸೆಷನ್ ಮ್ಯಾನೇಜರ್ ಮುಂತಾದವು ಹುಟ್ಟಿದ್ದು ಹೀಗೆ. ಯೂನಿಕೋಡ್ ಇನ್ನೂ ಬೇರೂರದ ದಿನಗಳಲ್ಲಿ, ಒಂದೊಂದು ಪತ್ರಿಕೆಯ ತಾಣಕ್ಕೂ ಒಂದೊಂದು ಫಾಂಟ್ ಬೇಕಿದ್ದಾಗ, ತೆಲುಗಿನ 'ಈನಾಡು' ಮೊದಲಾದ ಪತ್ರಿಕೆಗಳ ಪುಟಗಳನ್ನು ಫೈರ್‌ಫಾಕ್ಸಿನಲ್ಲಿ ಯೂನಿಕೋಡಿಗೆ ಬದಲಿಸಿ ಓದಿಸುತ್ತಿದ್ದ 'ಪದ್ಮ' ಎಂಬ ಆಡ್-ಆನ್ ಕೂಡ ಇಂಥದೇ ಸ್ವಯಂಪ್ರೇರಿತ ದುಡಿಮೆಯ ಫಲ. ಭಾರತೀಯ ಭಾಷೆಗಳ ಓದುಗರ ತೊಡಕು ಅಮೆರಿಕದ ಕಂಪನಿಗಳ ಆದ್ಯತೆಯ ಪಟ್ಟಿಗೆ ಬರುವವರೆಗೆ ಕಾಯದೆ ಕೆಲಸ ಸಾಗಿಸಿದ್ದು ಈ ಬಗೆಯ ತೆರೆದ ಬಾಗಿಲಿನಿಂದಾಗಿ.

ಆದರೆ ಒಳಕೋಣೆಯವರೆಗೆ ಬಾಗಿಲು ತೆರೆದಿಟ್ಟ ಮನೆಯಲ್ಲಿ ಗೋಡೆ ಒಡೆದು ಕಟ್ಟುವುದು ಕಷ್ಟ. ಯಾವ ಇಟ್ಟಿಗೆಗೆ ಯಾರು ಮೊಳೆ ಹೊಡೆದಿದ್ದಾರೋ ಗೊತ್ತಿರುವುದಿಲ್ಲ. ಒಂದು ಪುಟ ಕುಸಿದರೆ ಇಡೀ ಬ್ರೌಸರ್ ಕುಸಿಯದಂತೆ ಪುಟಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಲ್ಲಿ ನಡೆಸುವ ವ್ಯವಸ್ಥೆಯನ್ನು ಕ್ರೋಮ್ 2008ರಲ್ಲೇ ತಂದಿತ್ತು. ಫೈರ್‌ಫಾಕ್ಸ್ ಅದನ್ನು ಬಳಕೆದಾರರಿಗೆ ತಲುಪಿಸಲು ಆರಂಭಿಸಿದ್ದು 2016ರ ಆಗಸ್ಟ್‌ನಲ್ಲಿ, 48ನೇ ಆವೃತ್ತಿಯೊಡನೆ. ಆಗಲೂ ಆಡ್-ಆನ್ ಇಟ್ಟುಕೊಂಡವರನ್ನು ಮೊದಲಿಗೆ ಹೊರಗಿಡಬೇಕಾಯಿತು. ಮೂಗಿಗಿಂತ ಮೂಗುತಿ ಭಾರವಾಗಿತ್ತು. ಜೊತೆಗೆ, ಅಷ್ಟು ಆಳದ ಅಧಿಕಾರವುಳ್ಳ ಆಡ್-ಆನ್ ದುರುಳರ ಕೈಗೆ ಸಿಕ್ಕರೆ ಬಳಕೆದಾರನ ಪಾಸ್‌ವರ್ಡಿನಿಂದ ಹಿಡಿದು ಕಡತಗಳವರೆಗೆ ಏನೂ ಉಳಿಯುತ್ತಿರಲಿಲ್ಲ.

ಹಳೆಯ ಪದ್ಧತಿ ನಿಲ್ಲಲಿದೆಯೆಂದು ಮೊಜಿಲ್ಲಾ 2015ರ ಆಗಸ್ಟ್‌ನಲ್ಲಿ ಘೋಷಿಸಿತು. ನಿಂತದ್ದು 2017ರ ನವೆಂಬರ್ 14ರಂದು, 'ಕ್ವಾಂಟಮ್' ಎಂಬ ಹೆಸರಿನಲ್ಲಿ 57ನೇ ಆವೃತ್ತಿ ಬಂದಾಗ. ಬ್ರೌಸರ್ ನಿಜಕ್ಕೂ ವೇಗವಾಗಿತ್ತು. ಅದನ್ನು ವಿರೋಧಿಗಳೂ ಅಲ್ಲಗಳೆಯಲಿಲ್ಲ. ಆದರೆ ನವೀಕರಣ ಮುಗಿದು ಕಿಟಕಿ ತೆರೆದಾಗ ಹಳೆಯ ಆಡ್-ಆನ್‌ಗಳೆಲ್ಲ 'ಲೆಗಸಿ' ಎಂಬ ಪಟ್ಟಿಯಲ್ಲಿ ಸತ್ತು ಬಿದ್ದಿದ್ದವು. ಹೊಸ ಪದ್ಧತಿಯಾದ ವೆಬ್‌ಎಕ್ಸ್‌ಟೆನ್ಷನ್‌ನಲ್ಲಿ ಬ್ರೌಸರ್ ತೆರೆದುಕೊಟ್ಟ ಕಿಂಡಿಗಳ ಮೂಲಕ ಮಾತ್ರ ಕೆಲಸ ಸಾಧ್ಯ. ಕಿಂಡಿಯಿಲ್ಲದ ಕಡೆ ಆಡ್-ಆನ್ ಬರೆಯುವವನು ಏನೂ ಮಾಡಲಾರ.

ಎರಡು ವರ್ಷಕ್ಕೂ ಮಿಕ್ಕ ಮುನ್ಸೂಚನೆ ಇತ್ತಲ್ಲ ಎಂಬ ಸಮರ್ಥನೆ ಇದೆ. ಕಾಗದದ ಮೇಲೆ ಅದು ಸರಿ. ಆದರೆ ಅಗತ್ಯವಾದ ಕಿಂಡಿಗಳೆಲ್ಲ ಅಷ್ಟರಲ್ಲಿ ಸಿದ್ಧವಾಗಿರಲಿಲ್ಲ. ಪುಟಗಳಲ್ಲಿನ ಸ್ಕ್ರಿಪ್ಟ್‌ಗಳನ್ನು ತಡೆಯುವ ಪ್ರಸಿದ್ಧ ನೋಸ್ಕ್ರಿಪ್ಟ್ ಹೊಸ ರೂಪದಲ್ಲಿ ಬಂದದ್ದು 57ನೇ ಆವೃತ್ತಿ ಬಂದ ಕೆಲವು ದಿನಗಳ ನಂತರ. ಡೌನ್‌ದೆಮ್‌ಆಲ್ ಮರಳಿದ್ದು 2019ರಲ್ಲಿ, ಪೂರ್ತಿ ಹೊಸದಾಗಿ ಬರೆಸಿಕೊಂಡು. ಟ್ರೀ ಸ್ಟೈಲ್ ಟ್ಯಾಬ್ ಬದುಕಿತು, ಆದರೆ ಬದಿಯಲ್ಲಿ ಟ್ಯಾಬ್‌ಗಳ ಮರ ಇದ್ದರೂ ಮೇಲಿನ ಹಳೆಯ ಸಾಲನ್ನು ಅಡಗಿಸುವ ಹಕ್ಕು ಅದಕ್ಕೆ ಸಿಗಲಿಲ್ಲ. ಅದಕ್ಕಾಗಿ ಬಳಕೆದಾರರು ಯೂಸರ್‌ಕ್ರೋಮ್ ಎಂಬ ಕಡತದಲ್ಲಿ ಕೈಯಾರೆ ಸಾಲುಗಳನ್ನು ಬರೆಯಬೇಕಾಯಿತು. 2019ರ ಸೆಪ್ಟೆಂಬರ್‌ನ 69ನೇ ಆವೃತ್ತಿಯಲ್ಲಿ ಆ ಕಡತವನ್ನು ಓದುವುದನ್ನೂ ಬ್ರೌಸರ್ ತಾನಾಗಿ ನಿಲ್ಲಿಸಿತು, ಬೇಕಾದವರು ಒಳಗಿನ ಆಯ್ಕೆಯೊಂದನ್ನು ಹುಡುಕಿ ಬದಲಿಸಿಕೊಳ್ಳಬೇಕಿತ್ತು. ಬದಿಯ ಟ್ಯಾಬ್ ಸಾಲನ್ನು ಮೊಜಿಲ್ಲಾ ತಾನೇ ಒದಗಿಸಿದ್ದು 2025ರ ಮಾರ್ಚ್‌ನಲ್ಲಿ. ಇನ್ನು 2016ರಲ್ಲಿ ಟ್ಯಾಬ್ ಗುಂಪು ತೆಗೆದಾಗ ಅದೇ ವ್ಯವಸ್ಥೆಯನ್ನು ಆಡ್-ಆನ್ ರೂಪದಲ್ಲಿ ಉಳಿಸಿಕೊಟ್ಟಿದ್ದ ಸ್ವಯಂಸೇವಕನ ದುಡಿಮೆಯೂ 57ರ ಹೊಡೆತಕ್ಕೆ ಬಿತ್ತು. ಒಬ್ಬನೇ ಬಳಕೆದಾರ ಎರಡು ವರ್ಷದೊಳಗೆ ಎರಡು ಬಾರಿ ಮನೆ ಬದಲಿಸಿದಂತಾಯಿತು.

ಬ್ರೌಸರಿನವರು ಆಡ್-ಆನ್‌ಗಳ ಮೇಲೆ ಹಿಡಿತ ಬಿಗಿಗೊಳಿಸಿದ್ದರ ಇನ್ನೊಂದು ಮುಖ 2019ರ ಮೇ 4ರ ಶನಿವಾರ ಕಂಡಿತು. ಆಡ್-ಆನ್‌ಗಳು ಮೊಜಿಲ್ಲಾದ ಡಿಜಿಟಲ್ ಸಹಿ ಹೊಂದಿರಲೇಬೇಕೆಂಬ ನಿಯಮ ಅಷ್ಟರಲ್ಲಿ ಕಡ್ಡಾಯವಾಗಿತ್ತು. ಸಹಿಯನ್ನು ದೃಢೀಕರಿಸುವ ಪ್ರಮಾಣಪತ್ರವೊಂದರ ಅವಧಿ ಭಾರತೀಯ ಕಾಲಮಾನದಂತೆ ಮುಂಜಾನೆ ಮುಗಿಯಿತು. ಅದನ್ನು ನವೀಕರಿಸದೆ ಬಿಟ್ಟವರು ಮೊಜಿಲ್ಲಾದವರೇ. ಜಗತ್ತಿನಾದ್ಯಂತ ಫೈರ್‌ಫಾಕ್ಸಿನ ಆಡ್-ಆನ್‌ಗಳು ಒಂದಾದ ಮೇಲೊಂದು ಸ್ಥಗಿತಗೊಂಡವು. ಜಾಹೀರಾತು ತಡೆ ನಿಂತರೆ ಕಿರಿಕಿರಿ, ಅಷ್ಟೆ. ಆದರೆ ಫೈರ್‌ಫಾಕ್ಸನ್ನು ಆಧರಿಸಿದ ಟಾರ್ ಬ್ರೌಸರಿನಲ್ಲಿ ನೋಸ್ಕ್ರಿಪ್ಟ್ ಕೂಡ ನಿಂತಿತು. ಸರ್ಕಾರಗಳ ಕಣ್ಣು ತಪ್ಪಿಸಿ ಓದುವ, ಬರೆಯುವ ಜನ ನಂಬಿಕೊಂಡಿದ್ದ ಕಾವಲೊಂದು ಸೂಚನೆಯಿಲ್ಲದೆ ಬಿದ್ದುಹೋಯಿತು. ಕೆಲವರು ಖಾತೆಗಳನ್ನು ಬೇರ್ಪಡಿಸಿಡುವ ಕಂಟೇನರ್ ಟ್ಯಾಬುಗಳ ಜೋಡಣೆಯನ್ನೇ ಕಳೆದುಕೊಂಡರು. ತುರ್ತು ಪರಿಹಾರವನ್ನು ಮೊಜಿಲ್ಲಾ ಮೊದಲು ಕಳುಹಿಸಿದ್ದು ಬಳಕೆಯ ಮಾಹಿತಿ ಸಂಗ್ರಹಕ್ಕೆ ಒಪ್ಪಿದವರಿಗೆ ಮಾತ್ರ ತಲುಪುವ ಮಾರ್ಗದಲ್ಲಿ. ಹೀಗಾಗಿ ಹಲವರು ಆ ಗುಂಡಿಯನ್ನು ಒತ್ತಬೇಕಾಯಿತು. ಆ ದಿನಗಳಲ್ಲಿ ಸಂಗ್ರಹವಾದ ಮಾಹಿತಿಯನ್ನು ಅಳಿಸುವುದಾಗಿ ಸಂಸ್ಥೆ ನಂತರ ಪ್ರಕಟಿಸಿತು. ತಪ್ಪೊಪ್ಪಿಕೊಂಡ ರೀತಿ ಮೆಚ್ಚತಕ್ಕದ್ದೇ. ಊರಿಗೆಲ್ಲ ಒಂದೇ ಬೀಗದ ಕೈ ಮಾಡಿಸಿದ್ದರ ಅಪಾಯವಂತೂ ಸ್ಪಷ್ಟವಾಯಿತು.

ಹಾಗೆಂದು ಹಿಡಿತವೇ ಬೇಡವೆನ್ನಲೂ ಆಗದು. ಕ್ರೋಮಿನಲ್ಲಿ 'ದಿ ಗ್ರೇಟ್ ಸಸ್ಪೆಂಡರ್' ಎಂಬ ಜನಪ್ರಿಯ ಆಡ್-ಆನ್ ಇತ್ತು. ಬಹಳ ಹೊತ್ತು ಮುಟ್ಟದ ಟ್ಯಾಬುಗಳನ್ನು ನಿದ್ರೆಗೆ ಕಳಿಸಿ ಗಣಕದ ನೆನಪಿನ ಮೇಲಿನ ಹೊರೆ ಇಳಿಸುತ್ತಿತ್ತು. ಕಡಿಮೆ ಸಾಮರ್ಥ್ಯದ ಗಣಕಗಳಿಗೆ ಅದೊಂದು ವರ. 2020ರಲ್ಲಿ ಮೂಲ ಲೇಖಕ ಅದನ್ನು ಮಾರಿದ. ಹೊಸ ಒಡೆಯರ ಕೈಯಲ್ಲಿ ಅದರೊಳಗೆ ಅನುಮಾನಾಸ್ಪದ ಸಂಕೇತ ಸೇರಿಕೊಂಡಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ಘೋಷಿಸಿ ಎಲ್ಲರ ಗಣಕಗಳಲ್ಲೂ ನಿಷ್ಕ್ರಿಯಗೊಳಿಸಿತು. ಸರಿಯಾದ ಕ್ರಮವೇ. ಆದರೆ ನಿದ್ರಿಸುತ್ತಿದ್ದ ಟ್ಯಾಬುಗಳ ವಿಳಾಸಗಳು ಆ ಆಡ್-ಆನ್‌ನ ಹೆಸರಿನಡಿಯಲ್ಲೇ ಇದ್ದುದರಿಂದ ಅದರೊಡನೆ ಅವೂ ಮಾಯವಾದವು. ಇತಿಹಾಸದ ಪಟ್ಟಿಯಲ್ಲಿ ಉದ್ದನೆಯ ವಿಳಾಸಗಳನ್ನು ಹುಡುಕಿ, ಅವುಗಳ ಬಾಲದಲ್ಲಿದ್ದ ಮೂಲ ವಿಳಾಸವನ್ನು ಕತ್ತರಿಸಿ ತೆಗೆದು ಪುಟಗಳನ್ನು ಮರಳಿ ಪಡೆಯುವ ಉಪಾಯವನ್ನು ಬಳಕೆದಾರರೇ ಪರಸ್ಪರ ಹೇಳಿಕೊಂಡರು. ಅತ್ತ ದರಿ, ಇತ್ತ ಪುಲಿ.

ಈಚಿನ ದೊಡ್ಡ ಪ್ರಕರಣವೂ ಕ್ರೋಮಿನದೇ. 'ಮ್ಯಾನಿಫೆಸ್ಟ್ ವಿ3' ಎಂಬ ಹೊಸ ನಿಯಮಾವಳಿಯನ್ನು ಗೂಗಲ್ 2018ರಲ್ಲಿ ಮುಂದಿಟ್ಟು, ಗಡುವನ್ನು ಹಲವು ಬಾರಿ ಮುಂದೂಡಿ, 2024ರ ಜೂನ್‌ನಿಂದ ಹಂತಹಂತವಾಗಿ ಜಾರಿಗೆ ತಂದಿತು. ಹಿಂದಿನ ಕ್ರಮದಲ್ಲಿ ಆಡ್-ಆನ್ ಪ್ರತಿಯೊಂದು ಜಾಲಕೋರಿಕೆಯನ್ನೂ ತಡೆದು ನಿಲ್ಲಿಸಿ, ಬಿಡಬೇಕೋ ಬೇಡವೋ ಎಂದು ಆ ಕ್ಷಣದಲ್ಲೇ ತೀರ್ಮಾನಿಸಬಹುದಿತ್ತು. ಹೊಸ ಕ್ರಮದಲ್ಲಿ ಮುಂಚಿತವಾಗಿ ಒಂದು ಮಿತಿಯೊಳಗಿನ ನಿಯಮಗಳ ಪಟ್ಟಿಯನ್ನು ಬ್ರೌಸರಿಗೆ ಒಪ್ಪಿಸಬೇಕು. ತಡೆಯುವುದು ಬ್ರೌಸರಿನ ಕೆಲಸ. ಭದ್ರತೆ, ಖಾಸಗಿತನ, ವೇಗ ಇವು ಗೂಗಲ್ ಕೊಟ್ಟ ಕಾರಣಗಳು. ನೋಡಿದ ಪ್ರತಿ ವಿಳಾಸವನ್ನೂ ಆಡ್-ಆನ್ ಓದುತ್ತದೆ ಎಂಬ ಆತಂಕ ನಿರಾಧಾರವೇನಲ್ಲ. ಆದರೆ ಜಾಹೀರಾತಿನಿಂದಲೇ ಬದುಕುವ ಕಂಪನಿ ಜಾಹೀರಾತು ತಡೆಯುವ ಸಾಧನದ ಕೈ ಕಟ್ಟಿದಾಗ ಅನುಮಾನ ಹುಟ್ಟದಿರಲು ಸಾಧ್ಯವೇ? ಯುಬ್ಲಾಕ್ ಒರಿಜಿನ್ ಕ್ರೋಮಿನಲ್ಲಿ ನಿಷ್ಕ್ರಿಯವಾಯಿತು. ಅದರ ಲೇಖಕರೇ ಕೊಟ್ಟ 'ಲೈಟ್' ಎಂಬ ಕಡಿಮೆ ಶಕ್ತಿಯ ರೂಪ ಉಳಿಯಿತು. ಫೈರ್‌ಫಾಕ್ಸ್ ಹಳೆಯ ತಡೆವ್ಯವಸ್ಥೆಯನ್ನು ಕೈಬಿಡದೆ ಉಳಿಸಿಕೊಂಡಿತು. ಒಂದು ಸಂಗತಿ ಇಲ್ಲಿ ಹೆಚ್ಚಿನವರ ಗಮನಕ್ಕೆ ಬರಲಿಲ್ಲ: ಸಾಮಾನ್ಯ ಬಳಕೆದಾರರ ಆಡ್-ಆನ್‌ಗಳು ನಿಂತ ಮೇಲೂ, ಗಣಕಗಳನ್ನು ಒಟ್ಟಾಗಿ ನಿರ್ವಹಿಸುವ ಸಂಸ್ಥೆಗಳಿಗೆ 2025ರ ಮಧ್ಯದವರೆಗೆ ವಿಶೇಷ ವಿನಾಯಿತಿ ಇತ್ತು. 2012ರಲ್ಲಿ ಕಂಡದ್ದೇ ಮತ್ತೆ ಕಂಡಿತು. ಸಮಯಾವಕಾಶ ಸಿಗುವುದು ಒಪ್ಪಂದ ಮಾಡಿಕೊಳ್ಳಬಲ್ಲವರಿಗೆ.

ಒಬ್ಬಂಟಿ ಬಳಕೆದಾರ ಏನು ಮಾಡಬೇಕು? ನವೀಕರಣವನ್ನೇ ನಿಲ್ಲಿಸಿಬಿಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಅದು. ಬ್ರೌಸರ್ ಎಂಬುದು ಅಪರಿಚಿತರು ಬರೆದ ಸಂಕೇತವನ್ನು ದಿನವಿಡೀ ಬರಮಾಡಿಕೊಂಡು ನಡೆಸುವ ತಂತ್ರಾಂಶ. ತಿದ್ದುಪಡಿ ಪ್ರಕಟವಾದ ಕೂಡಲೇ ಹಳೆಯ ಆವೃತ್ತಿಯ ತೂತು ಎಲ್ಲಿದೆಯೆಂಬುದು ಕಳ್ಳರಿಗೂ ತಿಳಿಯುತ್ತದೆ. ಅದೇ ಬ್ರೌಸರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರಿಗಂತೂ ಇದು ಸಲ್ಲದು. ಅದಕ್ಕಿಂತ ಫೈರ್‌ಫಾಕ್ಸಿನ ಇಎಸ್‌ಆರ್ ಶಾಖೆ ಮೇಲು. ಸಂಸ್ಥೆಗಳಿಗೆಂದು ಹುಟ್ಟಿದರೂ ಅದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಭದ್ರತಾ ತಿದ್ದುಪಡಿಗಳು ಬರುತ್ತಲೇ ಇರುತ್ತವೆ, ದೊಡ್ಡ ಬದಲಾವಣೆ ಸುಮಾರು ವರ್ಷಕ್ಕೊಮ್ಮೆ ಬರುತ್ತದೆ, ಹೊಸದು ಬಂದ ಮೇಲೂ ಹಳೆಯದಕ್ಕೆ ಕೆಲವು ವಾರಗಳ ಬೆಂಬಲ ಇರುತ್ತದೆ.

ತೆರೆದ ಟ್ಯಾಬುಗಳನ್ನೇ ದಾಖಲೆಯೆಂದು ನಂಬುವುದನ್ನು ಕಡಿಮೆ ಮಾಡುವುದೂ ಒಳಿತು. ಎಲ್ಲ ಟ್ಯಾಬುಗಳನ್ನೂ ಒಟ್ಟಿಗೆ ಆರಿಸಿ ದಿನಾಂಕದ ಹೆಸರಿನ ಬುಕ್‌ಮಾರ್ಕ್ ಕಡತಕ್ಕೆ ಸೇರಿಸುವುದು ಅರೆನಿಮಿಷದ ಕೆಲಸ. ಫೈರ್‌ಫಾಕ್ಸ್ ತನ್ನ ಪ್ರೊಫೈಲ್ ಕೋಶದೊಳಗೆ ತೆರೆದ ಟ್ಯಾಬುಗಳ ಪ್ರತಿಗಳನ್ನು ಪ್ರತ್ಯೇಕವಾಗಿ ಕಾಯ್ದಿಡುತ್ತದೆ, ನವೀಕರಣದ ವೇಳೆಯಲ್ಲೂ ಒಂದು ಪ್ರತಿ ತೆಗೆದಿಡುತ್ತದೆ. ಬಹಳ ಮಂದಿಗೆ ಇದು ಗೊತ್ತಿಲ್ಲ. ಆ ಕೋಶವನ್ನೇ ತಿಂಗಳಿಗೊಮ್ಮೆ ಬೇರೆಡೆ ನಕಲು ಮಾಡಿಟ್ಟವರು ನಿಶ್ಚಿಂತರು. ಹೊಸ ಆವೃತ್ತಿ ಹಿಡಿಸದೆ ಹಳೆಯದಕ್ಕೆ ಮರಳುವವರು ಎಚ್ಚರ ವಹಿಸಬೇಕು. 2019ರ ಮೇ ತಿಂಗಳ 67ನೇ ಆವೃತ್ತಿಯಿಂದೀಚೆಗೆ, ಹೊಸತರಲ್ಲಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿ ತೆರೆಯಲು ಒಪ್ಪದೆ ಖಾಲಿ ಪ್ರೊಫೈಲ್ ಮಾಡಿಕೊಳ್ಳಲು ಹೇಳುತ್ತದೆ. ಆಗ ಎಲ್ಲವೂ ಅಳಿಸಿಹೋಯಿತೆಂದು ಗಾಬರಿಯಾಗುವುದು ಸಹಜ. ಹಳೆಯದು ಅಳಿದಿರುವುದಿಲ್ಲ, ಪಕ್ಕದಲ್ಲಿ ಇರುತ್ತದೆ. ಆಡ್-ಆನ್‌ಗಳ ಸಂಖ್ಯೆಯನ್ನೂ ಹತೋಟಿಯಲ್ಲಿಡಬೇಕು. ಬ್ರೌಸರೇ ಮಾಡಬಲ್ಲ ಕೆಲಸಕ್ಕೆ ಇನ್ನೊಬ್ಬರ ಆಡ್-ಆನ್ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ನಿದ್ರೆಗೆ ಕಳಿಸುವ ವ್ಯವಸ್ಥೆ, ಗುಂಪು ಮಾಡುವ ವ್ಯವಸ್ಥೆ ಎರಡೂ ಈಗ ಕ್ರೋಮಿನಲ್ಲೂ ಫೈರ್‌ಫಾಕ್ಸಿನಲ್ಲೂ ಒಳಗೇ ಇವೆ.

ಹಳೆಯ ಆವೃತ್ತಿಗೇ ಅಂಟಿಕೊಂಡು ಕುಳಿತವರ ಕಥೆಯೂ ಸುಖಾಂತವಾಗಲಿಲ್ಲ. ವಿಂಡೋಸ್ 7 ಇರುವ ಗಣಕಗಳಿಗೆ ಕ್ರೋಮ್ 2023ರ ಆರಂಭದ 109ನೇ ಆವೃತ್ತಿಗೇ ನಿಂತಿತು. ಫೈರ್‌ಫಾಕ್ಸ್ ಅಂಥವರಿಗಾಗಿ 115ನೇ ಇಎಸ್‌ಆರ್ ಶಾಖೆಯನ್ನು ಉಳಿಸಿ, ಅದರ ಬೆಂಬಲದ ಅವಧಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ವಿಸ್ತರಿಸಿತು. ಆದರೆ ಆ ಶಾಖೆಯಲ್ಲೂ ನವೀಕರಣ ನಿಲ್ಲಿಸಿದ್ದವರು, 128ಕ್ಕಿಂತ ಹಳೆಯ ಸಾಮಾನ್ಯ ಆವೃತ್ತಿಗಳಲ್ಲಿ ಉಳಿದಿದ್ದವರು, 2025ರ ಮಾರ್ಚ್ 14ರಂದು ಮತ್ತೊಂದು ಪ್ರಮಾಣಪತ್ರದ ಅವಧಿ ಮುಗಿಯುವುದನ್ನು ಎದುರಿಸಬೇಕಾಯಿತು. ಈ ಬಾರಿ ಮೊಜಿಲ್ಲಾ ಮುಂಚಿತವಾಗಿಯೇ ಎಚ್ಚರಿಸಿತ್ತು. ನವೀಕರಣವೇ ಬೇಡವೆಂದು ಆ ಎಚ್ಚರಿಕೆಯನ್ನು ಬದಿಗೆ ಸರಿಸಿದವರು ಯಾವ ಆಡ್-ಆನ್‌ಗಳನ್ನು ಉಳಿಸಿಕೊಳ್ಳಲೆಂದು ಹಳೆಯ ಆವೃತ್ತಿಯಲ್ಲಿ ಉಳಿದಿದ್ದರೋ, ಪ್ರಮಾಣಪತ್ರದೊಡನೆ ನಿಲ್ಲಬಹುದಾಗಿದ್ದದ್ದು ಅವೇ ಆಡ್-ಆನ್‌ಗಳು.